ಹಬ್ಬಿಗೆ ಕಚ್ಚಿಕೊಂಡ ಬ್ರೇಕ್ ಡಿಸ್ಕ್: ಒಂದು ಹೋಂಡಾ ಸಿಟಿಯ ಪ್ರಕರಣ

ಕಾರು 2011ರ ಹೋಂಡಾ ಸಿಟಿ, ಪೆಟ್ರೋಲ್, ಮ್ಯಾನುಯಲ್ ಗೇರ್. ಸುರತ್ಕಲ್ ಕಡೆ ಸಮುದ್ರಕ್ಕೆ ಹತ್ತಿರದ ಮನೆಯೊಂದರ ಅಂಗಳದಲ್ಲಿ, ಸೂರಿಲ್ಲದೆ ನಿಲ್ಲುವ ಗಾಡಿ. ತೊಂದರೆ ಇಷ್ಟು: 80ರ ವೇಗದಲ್ಲಿ ಬ್ರೇಕ್ ಒತ್ತಿದರೆ ಸ್ಟೇರಿಂಗ್ ನಡುಗುತ್ತದೆ, ಪೆಡಲ್ ಪಾದದಡಿ ಮಿಡಿಯುತ್ತದೆ.

ಎಡಗಡೆಯ ಮುಂದಿನ ಡಿಸ್ಕನ್ನು (ಚಕ್ರದ ಜೊತೆ ತಿರುಗುವ, ಬ್ರೇಕ್ ಪ್ಯಾಡುಗಳು ಒತ್ತಿ ಹಿಡಿಯುವ ತಟ್ಟೆ) ಮೈಕ್ರೋಮೀಟರಿನಲ್ಲಿ ಸುತ್ತಲೂ 8 ಕಡೆ ಅಳೆದಾಗ ದಪ್ಪದಲ್ಲಿ 0.04 ಮಿ.ಮೀ ಏರುಪೇರು ಸಿಕ್ಕಿತು. 0.02 ದಾಟಿದರೇ ನಡುಕ ಕೈಗೆ ಗೊತ್ತಾಗುತ್ತದೆ. ಡಿಸ್ಕಿನ ಮೇಲೆ ಅಚ್ಚಾಗಿರುವ ಕನಿಷ್ಠ ದಪ್ಪ 19 ಮಿ.ಮೀ, ಉಳಿದಿದ್ದದ್ದು 19.3. ಲೇತಿಗೆ ಕೊಟ್ಟು ಎರಡೂ ಮೈ ಸಮ ಮಾಡಿಸಿದರೆ ಗಡಿಗಿಂತ ಕೆಳಗೆ ಇಳಿಯುತ್ತದೆ. ಹಾಗಾಗಿ ಹೊಸ ಡಿಸ್ಕ್, ಹೊಸ ಪ್ಯಾಡ್, ಎರಡೂ ಕಡೆಗೆ. ಕೈ ಪಳಗಿದವರಿಗೆ ಅರ್ಧ ದಿನವೂ ಬೇಡದ ಕೆಲಸ. ಆದರೆ ಎಡಗಡೆ ಎರಡು ಚಿಕ್ಕ ಸ್ಕ್ರೂಗಳು, ಅವು ಹೋದ ಮೇಲೆ ಡಿಸ್ಕೇ, ಜಾಗ ಬಿಟ್ಟು ಅಲ್ಲಾಡಲಿಲ್ಲ. ಈ ಬರಹ ಆ ಎಡ ಚಕ್ರದ್ದು.

ಹಿಡಿದಿರುವುದು ಎಲ್ಲಿ?

ಜಾಮ್ ಆದ ಭಾಗವನ್ನು ಕಂಡ ಕೂಡಲೇ ಉದ್ದದ ಪೈಪು, ದೊಡ್ಡ ಸುತ್ತಿಗೆ ಹುಡುಕುವುದು ರೂಢಿ. ಬಲ ಹಾಕುವ ಮುನ್ನ ಯಾವ ಮೈ ಯಾವ ಮೈಯನ್ನು ಹಿಡಿದಿದೆ ಎಂದು ನೋಡದಿದ್ದರೆ ಆ ಬಲವೆಲ್ಲ ಬೇರೆಲ್ಲೋ ಹೋಗಿ, ಮುರಿಯಬಾರದ್ದನ್ನು ಮುರಿಯುತ್ತದೆ. ಇಲ್ಲಿ ಹಿಡಿತವಿದ್ದದ್ದು ಮೂರು ಕಡೆ.

ಮೊದಲನೆಯದು ಸ್ಕ್ರೂವಿನ ತಲೆ. ಡಿಸ್ಕನ್ನು ಹಬ್ಬಿಗೆ, ಅಂದರೆ ಚಕ್ರ ಕೂರುವ ತಿರುಗುವ ನಡುಭಾಗಕ್ಕೆ, ಹಿಡಿಸಿರುವವು 6 ಮಿ.ಮೀ ದಪ್ಪ, 14 ಮಿ.ಮೀ ಉದ್ದದ ಎರಡು ಸ್ಕ್ರೂಗಳು. ಅವುಗಳ ತಲೆ ಶಂಕುವಿನ ಆಕಾರದ್ದು. ಡಿಸ್ಕಿನ ಗುಳಿಯಲ್ಲಿ ಪೂರ್ತಿ ಇಳಿದು ಮೇಲ್ಮೈಗೆ ಸಮನಾಗಿ ಕೂರುತ್ತದೆ. ಬಿಗಿಸುವ ಅಳತೆ ಬರೀ 9.8 ನ್ಯೂಟನ್ ಮೀಟರ್, ಅಂದರೆ ಸ್ಕ್ರೂಡ್ರೈವರಿನಲ್ಲಿ ಕೈಯಿಂದ ಬಿಗಿದಷ್ಟು. ಹಾಗಿದ್ದೂ ಬಿಚ್ಚಲು ಹಲವು ಪಟ್ಟು ಬಲ ಬೇಕಾಗುವುದು ಥ್ರೆಡ್ಡಿನಿಂದಲ್ಲ, ಆ ಶಂಕುವಿನಿಂದ. ಬೀಡು ಕಬ್ಬಿಣದ ಗುಳಿ, ಉಕ್ಕಿನ ತಲೆ, ನಡುವೆ ಉಪ್ಪುಗಾಳಿಯ ತೇವ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ. ಜಾಗ ಸಿಗದಿದ್ದಾಗ ಬೆಣೆ ಬಡಿದ ಹಾಗೆ ತಲೆಯನ್ನು ಸುತ್ತಲಿಂದ ಅದುಮುತ್ತದೆ.

ಎರಡನೆಯದು ಡಿಸ್ಕಿನ ನಡುತೂತು. ಹಬ್ಬಿನ ನಡುವೆ ಉಬ್ಬಿರುವ ಬಳೆಯ ಮೇಲೆ ಇದು ಕೂದಲೆಳೆಯ ಸಂದಿನಲ್ಲಿ ಕೂರುತ್ತದೆ. ಆ ಸಂದಿನಲ್ಲೂ ತುಕ್ಕು. ಮೂರನೆಯದು ಡಿಸ್ಕಿನ ಬೆನ್ನು ಮತ್ತು ಹಬ್ಬಿನ ಚಪ್ಪಟೆ ಮುಖ ಒಂದನ್ನೊಂದು ಮುಟ್ಟುವ ಜಾಗ.

ಮೂರಕ್ಕೂ ಮದ್ದು ಬೇರೆ ಬೇರೆ. ಶಂಕುವಿಗೆ ಬೇಕಾದದ್ದು ಏಟು, ಆ ಏಟಿನ ಜೊತೆಗೇ ತಿರುಗುವಿಕೆ. ಚಪ್ಪಟೆ ಮುಖಕ್ಕೆ ಅದುರುವಿಕೆ. ನಡುತೂತಿಗೆ ಮಾತ್ರ ನೇರವಾಗಿ ಹೊರಗೆಳೆಯುವ ಬಲ. ಮುಂದೆ ಹೇಳುವ ಕ್ರಮವೆಲ್ಲ ಈ ಲೆಕ್ಕದ ಮೇಲೆಯೇ ನಿಂತಿದೆ.

ಇನ್ನೊಂದು ವಿಷಯ ಮೊದಲೇ ಗೊತ್ತಿದ್ದರೆ ಗಾಬರಿ ಅರ್ಧ ಇಳಿಯುತ್ತದೆ. ಬ್ರೇಕ್ ಹಾಕಿದಾಗಿನ ಭಾರವನ್ನು ಈ ಸ್ಕ್ರೂಗಳು ಹೊರುವುದಿಲ್ಲ. ಓಡುವ ಗಾಡಿಯಲ್ಲಿ ಡಿಸ್ಕನ್ನು ಹಬ್ಬಿಗೆ ಒತ್ತಿ ಹಿಡಿಯುವುದು ನಾಲ್ಕು ವೀಲ್ ನಟ್ಟುಗಳು, ತಲಾ 108 ನ್ಯೂಟನ್ ಮೀಟರ್ ಬಿಗಿಯಲ್ಲಿ. ಸ್ಕ್ರೂ ಇರುವುದು ಚಕ್ರ ಇಲ್ಲದಾಗ ಡಿಸ್ಕ್ ಅಲ್ಲಾಡದಿರಲಿ ಎಂದು. ಆದ್ದರಿಂದ ಅದರ ತಲೆ ಹಾರಿಹೋದರೂ ಗಾಡಿ ಕೆಟ್ಟಿತೆಂದು ತಲೆಯ ಮೇಲೆ ಕೈಹೊತ್ತು ಕೂರಬೇಕಿಲ್ಲ.

ಸ್ಕ್ರೂ ಮೊದಲು, ಕ್ಯಾಲಿಪರ್ ಆಮೇಲೆ

ಗಾಡಿ ಸಮತಟ್ಟಾದ ಗಟ್ಟಿ ನೆಲದಲ್ಲಿರಲಿ. ಕರಾವಳಿಯ ಅಂಗಳದ ಕೆಂಪು ಮಣ್ಣಿನಲ್ಲಾದರೆ ಜಾಕಿನ ಅಡಿಗೆ ದಪ್ಪ ಹಲಗೆ ಬೇಕೇ ಬೇಕು. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, 19ರ ಪಾನದಲ್ಲಿ ವೀಲ್ ನಟ್ಟುಗಳನ್ನು ನೆಲದ ಮೇಲಿದ್ದಾಗಲೇ ಸಡಿಲಿಸಬೇಕು. ಎತ್ತಿದ ಮೇಲೆ ಜಾಕ್ ಸ್ಟ್ಯಾಂಡ್ ಕೊಡದೆ ಕೆಲಸ ಶುರು ಮಾಡುವಂತಿಲ್ಲ. ಈ ಕೆಲಸದಲ್ಲಿ ಸುತ್ತಿಗೆ ಬೀಸುವುದಿದೆ. ಗಾಡಿಯ ಜೊತೆ ಬರುವ ಜಾಕೊಂದರ ಮೇಲೆ ನಿಂತ ಕಾರು ಆ ಏಟಿಗೆ ಜಾರಬಹುದು.

ಚಕ್ರ ತೆಗೆದ ಕೂಡಲೇ ಹೆಚ್ಚಿನವರು ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿಗೆ ಕೈ ಹಾಕುತ್ತಾರೆ. ಬೇಡ. ಕ್ಯಾಲಿಪರ್ ಇದ್ದಲ್ಲೇ ಇರಲಿ; ಒಬ್ಬರು ಒಳಗೆ ಕೂತು ಬ್ರೇಕ್ ಪೆಡಲ್ ಒತ್ತಿ ಹಿಡಿದರೆ ಡಿಸ್ಕ್ ಒಂದಿಷ್ಟೂ ತಿರುಗುವುದಿಲ್ಲ. ಕ್ಯಾಲಿಪರ್ ಬಿಚ್ಚಿಬಿಟ್ಟರೆ ಡಿಸ್ಕ್ ಗಿರ್ರನೆ ತಿರುಗುತ್ತದೆ, ಅರ್ಧ ಶಕ್ತಿ ಅದನ್ನು ಹಿಡಿಯುವುದಕ್ಕೇ ಹೋಗುತ್ತದೆ.

ಸ್ಕ್ರೂವಿನ ತಲೆಯ ಮೇಲಿರುವುದು ನಮ್ಮಲ್ಲಿ ಸ್ಟಾರ್ ಎನ್ನುವ ಕೂಡು ಗೀಟು. ಆದರೆ ಜಪಾನಿನ ಗಾಡಿಗಳ ಈ ಗೀಟು ಫಿಲಿಪ್ಸ್ ಅಲ್ಲ, ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಅಳತೆಯದು. ನೋಡಲು ಒಂದೇ ಥರ, ಒಳಗಿನ ಮೂಲೆಗಳು ಬೇರೆ. ಫಿಲಿಪ್ಸ್ ತುದಿ ಇದರ ತಳಕ್ಕೆ ಮುಟ್ಟುವ ಮೊದಲೇ ಮೂಲೆಯಲ್ಲಿ ಸಿಕ್ಕಿಕೊಂಡು, ಬಲ ಹೆಚ್ಚಾದಂತೆ ಮೇಲಕ್ಕೆ ಜಾರುತ್ತದೆ. ಬೇಕಾದದ್ದು 3ನೇ ನಂಬರಿನ ಜೆಐಎಸ್ ಬಿಟ್. ಮನೆಯ ಟೂಲ್ ಬಾಕ್ಸಿನಲ್ಲಿರುವುದು ಬಹುತೇಕ 2ನೇ ನಂಬರಿನ ಫಿಲಿಪ್ಸ್. ಅದನ್ನು ಇಲ್ಲಿಗೆ ತಂದರೆ ಎರಡೇ ತಿರುವಿಗೆ ಗೀಟು ಬಾವಿಯಾಗುತ್ತದೆ. ಈ ಕಾರಿನ ಎರಡು ಸ್ಕ್ರೂಗಳಲ್ಲಿ ಒಂದಕ್ಕೆ ಹಿಂದೆ ಯಾವಾಗಲೋ ಯಾರೋ ಅದನ್ನೇ ಮಾಡಿದ್ದರು.

ಮೊದಲ ಸ್ಕ್ರೂ

ಗೀಟು ಚೆನ್ನಾಗಿದ್ದ ಸ್ಕ್ರೂವನ್ನು ಮೊದಲು ತೆಗೆದುಕೊಳ್ಳಲಾಯಿತು. ದಬ್ಬಣದ ತುದಿಯಿಂದ ಗೀಟಿನೊಳಗಿನ ತುಕ್ಕು, ಮಣ್ಣನ್ನು ಕೆರೆದು ತೆಗೆಯಬೇಕು. ತಳದಲ್ಲಿ ಅರ್ಧ ಮಿಲಿಮೀಟರ್ ಕೊಳೆ ಉಳಿದರೂ ಬಿಟ್ ಅಷ್ಟು ಮೇಲೆ ನಿಲ್ಲುತ್ತದೆ, ಜಾರುತ್ತದೆ. ಆಮೇಲೆ ತುಕ್ಕು ಬಿಡಿಸುವ ಎಣ್ಣೆ. ಡಬ್ಲ್ಯೂಡಿ-40 ಅಂಥ ಸ್ಪ್ರೇ ಸಿಗದಿದ್ದರೆ ವರ್ಕ್‌ಶಾಪುಗಳಲ್ಲಿ ಡೀಸೆಲ್ ಬಿಡುತ್ತಾರೆ. ನಿಧಾನ, ಆದರೆ ಇಳಿಯುತ್ತದೆ. ಈ ಸ್ಕ್ರೂಗಳ ವಿಷಯದಲ್ಲಿ ಎಣ್ಣೆಯ ಮೇಲೆ ಹೆಚ್ಚು ಭರವಸೆ ಇಡಬೇಡಿ. ಶಂಕುವಿನ ಸಂದು ತುಕ್ಕಿನಿಂದ ಮುಚ್ಚಿಹೋಗಿರುತ್ತದೆ, ಎಣ್ಣೆ ಅಂಚಿನಲ್ಲೇ ನಿಲ್ಲುತ್ತದೆ. ಏಟು ಬಿದ್ದು ಸಂದು ಬಿರಿದ ಮೇಲೆ ಮತ್ತೆ ಬಿಟ್ಟ ಎಣ್ಣೆಯೇ ಒಳಗೆ ಹೋಗುವುದು. ಎಣ್ಣೆ ಪ್ಯಾಡಿಗೆ ತಾಗಿದರೆ ಆ ಪ್ಯಾಡ್ ಮತ್ತೆ ಬಳಸಲು ಬಾರದು; ಇಲ್ಲಿ ಪ್ಯಾಡ್ ಹೇಗೂ ಬದಲಾಗುವುದಿತ್ತು.

ಉಪಕರಣ ಯಾವುದೆಂದರೆ ಕೈಯಿಂದ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್. ಹಿಂಬದಿಗೆ ಸುತ್ತಿಗೆಯಿಂದ ಹೊಡೆದಾಗ ಬಿಟ್ಟನ್ನು ಗೀಟಿನೊಳಗೆ ಒತ್ತುತ್ತಲೇ ಒಂದಿಷ್ಟು ತಿರುಗಿಸುತ್ತದೆ. ಒತ್ತುವುದು, ಅದುರಿಸುವುದು, ತಿರುಗಿಸುವುದು ಮೂರೂ ಒಂದೇ ಕ್ಷಣದಲ್ಲಿ ಆಗುವುದರಿಂದಲೇ ಶಂಕುವಿನ ಹಿಡಿತಕ್ಕೆ ಇದು ಸರಿಯಾದ ಮದ್ದು. ಹೊಡೆಯುವ ಮೊದಲು ಅದು ಬಿಚ್ಚುವ ದಿಕ್ಕಿನಲ್ಲಿದೆಯೇ ಎಂದು ಕೈಯಲ್ಲಿ ಒತ್ತಿ ನೋಡಬೇಕು. ಬಿಗಿಸುವ ದಿಕ್ಕಿನಲ್ಲಿಟ್ಟು ನಾಲ್ಕು ಏಟು ಹೊಡೆದು ಸ್ಕ್ರೂವನ್ನು ಇನ್ನಷ್ಟು ಕೂರಿಸಿದ ಪ್ರಕರಣಗಳು ಕಡಿಮೆಯೇನಲ್ಲ.

ಡ್ರೈವರ್ ಹಚ್ಚುವ ಮುನ್ನ ಬರೀ ಬಿಟ್ಟನ್ನು ಗೀಟಿನಲ್ಲಿಟ್ಟು ನೇರವಾಗಿ ನಾಲ್ಕೈದು ಏಟು. ಆಮೇಲೆ ಡ್ರೈವರನ್ನು ಎಡಕ್ಕೆ ತಿರುಚಿ ಬಿಗಿಹಿಡಿದು, 1 ಕಿಲೋದ ಸುತ್ತಿಗೆಯಿಂದ ಪೂರಾ ತೋಳು ಬೀಸಿ ಹೊಡೆತ. ಸಣ್ಣ ಸುತ್ತಿಗೆಯ ಕುಟುಕು ಏಟು ಗೀಟನ್ನು ಸವೆಸುತ್ತದೆಯೇ ಹೊರತು ಸ್ಕ್ರೂವನ್ನು ಬಿಡಿಸುವುದಿಲ್ಲ. ಮೂರನೇ ಏಟಿಗೆ ತಲೆಯ ಸುತ್ತ ಕಂದು ಪುಡಿಯ ಒಂದು ಉಂಗುರ ಎದ್ದಿತು. ಅದು ಕಂಡರೆ ಶಂಕು ಬಿಟ್ಟಿತೆಂದೇ ಅರ್ಥ. ಉಳಿದದ್ದು ಕೈಯಲ್ಲೇ ಬಂತು.

ಸವೆದ ಸ್ಕ್ರೂ

ಎರಡನೆಯದರಲ್ಲಿ ಗೀಟು ಅಂತ ಉಳಿದಿದ್ದದ್ದು ಒಂದು ಗುಂಡನೆಯ ಗುಳಿ. ವಾಲ್ವ್ ಉಜ್ಜಲು ಬಳಸುವ ಗ್ರೈಂಡಿಂಗ್ ಪೇಸ್ಟನ್ನು ಗುಳಿಗೆ ಸ್ವಲ್ಪ ತುಂಬಿದರೆ ಅದರ ಹರಳು ಬಿಟ್ಟಿಗೆ ಹಿಡಿತ ಕೊಡುತ್ತದೆ. ಅರ್ಧ ಸವೆದ ಗೀಟಿಗೆ ಒಳ್ಳೆಯ ಉಪಾಯ, ಪೂರ್ತಿ ಸವೆದದ್ದಕ್ಕೆ ಅಲ್ಲ. ಇಲ್ಲಿ ಬಿಟ್ ಜಾರಿತು.

ಆಮೇಲೆ ಚೂಪು ಚಿಸಲ್. ತಲೆಯ ಅಂಚಿನ ಹತ್ತಿರ ನೇರವಾಗಿ ಹೊಡೆದು ಒಂದು ಕಚ್ಚು ಮಾಡಿ, ಆ ಕಚ್ಚಿಗೆ ಚಿಸಲನ್ನು ಓರೆಯಾಗಿ ಕೊಟ್ಟು ಎಡಕ್ಕೆ ತಿರುಗುವಂತೆ ಹೊಡೆಯಬೇಕು. ಅಂಚಿಗೆ ಹೊಡೆದಷ್ಟೂ ತಿರುಗಿಸುವ ಬಲ ಹೆಚ್ಚು. ಬಹಳ ಸಲ ಇಷ್ಟರಲ್ಲೇ ಕೆಲಸ ಮುಗಿಯುತ್ತದೆ. ಈ ಸ್ಕ್ರೂವಿನ ಅಂಚು ಮಾತ್ರ ತುಕ್ಕಿಗೆ ಎಷ್ಟು ತೆಳುವಾಗಿತ್ತೆಂದರೆ ಕಚ್ಚು ಕಿತ್ತುಬಂತು, ತಲೆ ಕದಲಲಿಲ್ಲ.

ಗ್ಯಾಸ್ ಟಾರ್ಚಿನಲ್ಲಿ ಕಾಯಿಸುವ ದಾರಿಯನ್ನು ಬೇಕೆಂದೇ ಬಿಡಲಾಯಿತು. ಹಬ್ಬಿನ ಹಿಂದೆಯೇ ವೀಲ್ ಬೇರಿಂಗಿನ ರಬ್ಬರ್ ಸೀಲು, ಒಳಗೆ ಗ್ರೀಸು. ಎಬಿಎಸ್ ಇರುವ ಗಾಡಿಯಲ್ಲಿ ಪಕ್ಕದಲ್ಲೇ ಅದರ ಸೆನ್ಸರ್. ಬದಲಾಯಿಸುವ ಹಳೇ ಸ್ಕ್ರೂವಿಗಾಗಿ ಬೇರಿಂಗನ್ನು ಪಣಕ್ಕಿಡುವುದು ಲೆಕ್ಕಕ್ಕೆ ಬರುವುದಿಲ್ಲ. ಬ್ರೇಕ್ ಕ್ಲೀನರ್ ಹೊಡೆದ ಜಾಗಕ್ಕಂತೂ ಬೆಂಕಿ ತೋರಿಸಲೇಬಾರದು. ಅದು ಹೊತ್ತಿಕೊಳ್ಳಬಹುದು; ಕ್ಲೋರಿನ್ ಇರುವ ಬಗೆಯಾದರೆ ಬಿಸಿಗೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ.

ಉಳಿದದ್ದು ಡ್ರಿಲ್. ಡಿಸ್ಕ್ ಹೇಗೂ ಗುಜರಿಗೆ ಹೋಗುವುದಾದ್ದರಿಂದ ಅದರ ಗುಳಿ ಹಾಳಾದರೂ ಚಿಂತೆಯಿಲ್ಲ. ಕಾಪಾಡಬೇಕಾದದ್ದು ಹಬ್ಬಿನ ಥ್ರೆಡ್. ನಡುವೆ ಸೆಂಟರ್ ಪಂಚಿನಿಂದ ಗುರುತು, 3 ಮಿ.ಮೀ ಬಿಟ್ಟಿನಲ್ಲಿ ನೇರವಾಗಿ ಮೊದಲ ತೂತು, ಆಮೇಲೆ 6.5ರಿಂದ 7 ಮಿ.ಮೀ ಬಿಟ್. ಕೋಬಾಲ್ಟ್ ಬೆರೆತ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ ಒಳ್ಳೆಯದು. ವೇಗ ಕಡಿಮೆ, ಒತ್ತಡ ಹೆಚ್ಚು, ಆಗಾಗ ಎಣ್ಣೆಯ ತೊಟ್ಟು. ಕೀಚಲು ದನಿ ಬಂದರೆ ಬಿಟ್ ಕೊರೆಯುತ್ತಿಲ್ಲ, ಉಜ್ಜುತ್ತಿದೆ. ಹಾಗೇ ಬಿಟ್ಟರೆ ಬಿಟ್ಟಿನ ಅಂಚು ಸುಟ್ಟುಹೋಗುತ್ತದೆ. ಕಣ್ಣಿಗೆ ಕನ್ನಡಕ ಇರಲಿ.

ಕಾಂಡದ ದಪ್ಪ 6 ಮಿ.ಮೀ. ಬಿಟ್ ಅದಕ್ಕಿಂತ ದಪ್ಪ ಇರುವುದರಿಂದ ತಲೆಯ ಆಳ ಮುಗಿದ ಕೂಡಲೇ ತಲೆಗೂ ಕಾಂಡಕ್ಕೂ ಸಂಬಂಧ ಕಡಿಯುತ್ತದೆ. ಸುಮಾರು 4 ಮಿ.ಮೀ ಆಳದಲ್ಲಿ ತಲೆ ಉಂಗುರವಾಗಿ ಬಿಟ್ಟಿನ ಜೊತೆ ಸುತ್ತತೊಡಗಿತು. ಅಲ್ಲಿಗೆ ನಿಲ್ಲಿಸಬೇಕು. ಬಿಟ್ಟಿಗೆ ಮೊದಲೇ 4 ಮಿ.ಮೀ ಆಳದಲ್ಲಿ ಟೇಪ್ ಸುತ್ತಿಟ್ಟುಕೊಂಡರೆ ಆಳ ಮೀರುವುದಿಲ್ಲ.

ಕಾಂಡದ ತುಂಡು ಆಗ ಹಬ್ಬಿನಲ್ಲೇ ಉಳಿಯುತ್ತದೆ. ಅದಕ್ಕೆ ಹೆದರಬೇಕಿಲ್ಲ, ಕಾರಣ ಮೊದಲೇ ಹೇಳಿದ್ದು: ಹಿಡಿತ ಇದ್ದದ್ದು ತಲೆಯಲ್ಲಿ. ತಲೆ ಹೋದ ಮೇಲೆ ಎಳೆತ ಸಡಿಲ. ಡಿಸ್ಕ್ ಹೊರಬಂದಾಗ ತುಂಡು ಹಬ್ಬಿನ ಮುಖದಿಂದ ಎರಡು ಮೂರು ಮಿ.ಮೀ ಹೊರಗೆ ನಿಂತಿತ್ತು. ವೈಸ್ ಗ್ರಿಪ್ಪಿನಲ್ಲಿ ಕಚ್ಚಿ ತಿರುಗಿಸಿದರೆ ಸಲೀಸಾಗಿ ಬಂತು. ತುಂಡು ಮುಖಕ್ಕೆ ಸಮನಾಗಿ ಮುರಿದು ಹೊರಬರದೇ ಇದ್ದರೆ ಅಲ್ಲೇ ಬಿಡುವುದು ಮೇಲು ಎಂಬುದು ನಮ್ಮ ನಿಲುವು. ಡಿಸ್ಕ್ ಕೂರಲು ಒಂದು ಸ್ಕ್ರೂ ಸಾಕು. ತೂತಿನೊಳಗೆ ಈಜಿ ಔಟ್ (ಮುರಿದ ಸ್ಕ್ರೂ ಹೊರತೆಗೆಯುವ ಉಪಕರಣ) ತುರುಕಿ ಅದು ಒಳಗೇ ಮುರಿದರೆ, ಆ ಗಟ್ಟಿ ಉಕ್ಕನ್ನು ಯಾವ ಸಾಮಾನ್ಯ ಡ್ರಿಲ್ಲೂ ಕೊರೆಯುವುದಿಲ್ಲ.

ಡಿಸ್ಕಿನ ಸರದಿ

ಈಗ ಕ್ಯಾಲಿಪರ್. ಅದನ್ನು ಹೊತ್ತಿರುವ ಬ್ರಾಕೆಟ್ಟಿನ ಎರಡು ಬೋಲ್ಟುಗಳಿಗೆ 17ರ ಸಾಕೆಟ್, ಉದ್ದ ಹಿಡಿಯ ಬಾರ್. ಕ್ಯಾಲಿಪರನ್ನು ಬ್ರೇಕ್ ಹೋಸಿನಲ್ಲಿ ನೇತು ಬಿಡದೆ ಬೈಂಡಿಂಗ್ ವೈರಿನಿಂದ ಸ್ಪ್ರಿಂಗಿಗೆ ಕಟ್ಟಬೇಕು. ಹೋಸಿನ ಒಳಪದರ ಹರಿದರೆ ಹೊರಗೆ ಕಾಣಿಸುವುದಿಲ್ಲ. ಗೊತ್ತಾಗುವುದು ಬ್ರೇಕ್ ಹಿಡಿದುಕೊಂಡಾಗ.

ಎರಡೂ ಸ್ಕ್ರೂ ಹೋದರೂ ಡಿಸ್ಕ್ ಹಬ್ಬಿನ ಜೊತೆ ಎರಕ ಹೊಯ್ದಂತೆ ನಿಂತಿತ್ತು. ಡಿಸ್ಕಿನ ಟೋಪಿಯ (ನಡುವೆ ಉಬ್ಬಿರುವ ಭಾಗ) ಮೇಲೆ ಎದುರುಬದುರು ಎರಡು ಖಾಲಿ ತೂತುಗಳಿವೆ, ಥ್ರೆಡ್ ಇರುವವು. ಅವು ಇರುವುದೇ ಈ ಸಂದರ್ಭಕ್ಕೆ. 8 ಮಿ.ಮೀ, 1.25 ಪಿಚ್ಚಿನ ಬೋಲ್ಟುಗಳನ್ನು ಹಾಕಿ ಬಿಗಿದರೆ ತುದಿ ಹಬ್ಬಿನ ಮುಖಕ್ಕೆ ಒತ್ತಿ ಡಿಸ್ಕನ್ನು ಹೊರಗೆ ದೂಡುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ 8.8 ಎಂದು ತಲೆಯ ಮೇಲೆ ಬರೆದಿರುವ, ಪೂರಾ ಉದ್ದಕ್ಕೂ ಥ್ರೆಡ್ ಇರುವ 40 ಮಿ.ಮೀ ಬೋಲ್ಟ್ ಎರಡು ತೆಗೆದುಕೊಳ್ಳಿ. ಮೆದು ಬೋಲ್ಟಿನ ತುದಿ ಅಣಬೆಯಂತೆ ಅರಳಿ, ಆಮೇಲೆ ತೂತಿನಿಂದ ಹಿಂದಕ್ಕೂ ಬರುವುದಿಲ್ಲ.

ಮೊದಲು ಆ ತೂತುಗಳ ಮೂಲಕವೇ ಎಣ್ಣೆ ಬಿಡಬೇಕು. ಡಿಸ್ಕಿನ ಬೆನ್ನಿಗೂ ಹಬ್ಬಿನ ಮುಖಕ್ಕೂ ನಡುವೆ ಎಣ್ಣೆ ತಲುಪಲು ಅದಕ್ಕಿಂತ ನೇರ ದಾರಿಯಿಲ್ಲ. ನಡುತೂತಿನ ಅಂಚಿಗೂ ಒಂದು ಸುತ್ತು. ಒಂದು ಗಂಟೆ ಬಿಟ್ಟು, 8ರ ಟ್ಯಾಪನ್ನು (ಥ್ರೆಡ್ ಕೊರೆಯುವ ಉಪಕರಣ) ಕೈಯಲ್ಲಿ ಓಡಿಸಿ ಥ್ರೆಡ್ಡಿನ ತುಕ್ಕು ತೆಗೆದು, ಗ್ರೀಸು ಸವರಿದ ಬೋಲ್ಟುಗಳನ್ನು ಕೂರಿಸಲಾಯಿತು. ಎರಡು ವೀಲ್ ನಟ್ಟುಗಳನ್ನು ನಾಲ್ಕೈದು ಥ್ರೆಡ್ಡಿನಷ್ಟು ಹಾಕಿಡುವುದು ಮರೆಯಬಾರದು. ಡಿಸ್ಕ್ ಬಿಟ್ಟಾಗ ಒಮ್ಮೆಲೇ ಹಾರುತ್ತದೆ, ಕಾಲಿನ ಮೇಲೆ ಬಿದ್ದರೆ ಬೆರಳು ಜಜ್ಜುತ್ತದೆ.

ಬಿಗಿಯುವ ಕ್ರಮ: ಒಂದಕ್ಕೆ ಕಾಲು ಸುತ್ತು, ಇನ್ನೊಂದಕ್ಕೆ ಕಾಲು ಸುತ್ತು. ಒಂದನ್ನೇ ಎಳೆದರೆ ಡಿಸ್ಕ್ ಓರೆಯಾಗಿ ನಡುತೂತಿನಲ್ಲಿ ಇನ್ನೂ ಬಲವಾಗಿ ಕಚ್ಚಿಕೊಳ್ಳುತ್ತದೆ, ಟೋಪಿ ಬಿರಿಯಲೂಬಹುದು. ಕೆಲವು ತಿರುವಾದ ಮೇಲೆ ಬೋಲ್ಟುಗಳು ಕಲ್ಲಿನಂತೆ ಬಿಗಿದವು, ಡಿಸ್ಕ್ ಕದಲಲಿಲ್ಲ. ಇಲ್ಲಿ ಪಾನಕ್ಕೆ ಪೈಪ್ ಹಾಕುವವರು ಬೋಲ್ಟ್ ಮುರಿಯುತ್ತಾರೆ. ಎಳೆತ ಸಾಕಷ್ಟಿದೆ, ಇಲ್ಲದಿರುವುದು ಅದುರುವಿಕೆ. ಬಿಗಿಯನ್ನು ಹಾಗೇ ಇಟ್ಟು, ಟೋಪಿಯ ಮುಖಕ್ಕೆ ವೀಲ್ ಸ್ಟಡ್ಡುಗಳ ನಡುವಿನ ಜಾಗದಲ್ಲಿ ಸುತ್ತಿಗೆಯಿಂದ ಸುತ್ತಲೂ ಹೊಡೆತ, ಮತ್ತೆ ಕಾಲು ಸುತ್ತು. ಎರಡನೇ ಸುತ್ತಿನಲ್ಲಿ ಪಿಸ್ತೂಲು ಸಿಡಿದಂಥ ಸದ್ದಾಗಿ ಡಿಸ್ಕ್ ಮೂರು ಮಿಲಿಮೀಟರ್ ಮುಂದೆ ಬಂದು ವೀಲ್ ನಟ್ಟುಗಳಿಗೆ ತಾಗಿ ನಿಂತಿತು.

ಆ ಎರಡು ತೂತುಗಳ ಥ್ರೆಡ್ ಹೋಗಿದ್ದರೆ ಇನ್ನೊಂದು ದಾರಿಯಿದೆ. ಬ್ರಾಕೆಟ್ ಬಿಚ್ಚಿದ ಮೇಲೆ ನಕಲ್ಲಿನ (ಹಬ್ಬನ್ನು ಹೊತ್ತಿರುವ ಭಾಗ) ಕಿವಿಗಳಲ್ಲಿ ಖಾಲಿ ತೂತು ಉಳಿಯುತ್ತದೆ. ಅದರಲ್ಲಿ ಉದ್ದನೆಯ ಬೋಲ್ಟ್, ನಟ್ಟು, ವಾಷರ್ ಕೂರಿಸಿ ಡಿಸ್ಕಿನ ಬೆನ್ನಿಗೆ ಒತ್ತುವಂತೆ ಮಾಡಿ, ಸ್ವಲ್ಪ ಬಿಗಿದು, ಸಡಿಲಿಸಿ ಡಿಸ್ಕನ್ನು ತಿರುಗಿಸಿ, ಮತ್ತೆ ಬಿಗಿಯುತ್ತಾ ಹೋಗಬೇಕು. ಹಿಂದಿನಿಂದ ಸುತ್ತಿಗೆ ಬೀಸುವುದು ಎಲ್ಲಕ್ಕಿಂತ ಕೊನೆಗೆ. ಆ ಏಟೆಲ್ಲ ಬೇರಿಂಗಿನ ಗುಂಡುಗಳ ಮೂಲಕ ಹಾದುಹೋಗುತ್ತದೆ, ಓಟದ ಹಾದಿಯಲ್ಲಿ ಗುಳಿ ಬೀಳುತ್ತದೆ. ಕೆಲವು ಸಾವಿರ ಕಿಲೋಮೀಟರ್ ಆದ ಮೇಲೆ ಚಕ್ರ ಗೊಂಯ್‌ಗುಟ್ಟಲು ಶುರುವಾದಾಗ ಇದರ ನೆನಪೇ ಇರುವುದಿಲ್ಲ.

ಕೂರಿಸುವಾಗ

ಹಬ್ಬಿನ ಮುಖ ಶುಚಿಯಾಗದೆ ಹೊಸ ಡಿಸ್ಕ್ ಹಾಕಿದರೆ ಹಳೇ ನಡುಕವೇ ಮರಳುತ್ತದೆ. ಹಬ್ಬಿನ ಮುಖದಲ್ಲಿ ಉಳಿದ ತುಕ್ಕಿನ ಒಂದು ಚಕ್ಕೆ ಡಿಸ್ಕಿನ ಹೊರ ಅಂಚಿಗೆ ಬರುವಾಗ ಸುಮಾರು ಎರಡು ಪಟ್ಟು ಓಲಾಟವಾಗುತ್ತದೆ. ವೈರ್ ಬ್ರಷ್, ಆಮೇಲೆ 80ರ ಎಮರಿ ಕಾಗದ. ಮುಖ್ಯವಾಗಿ ಸ್ಟಡ್ಡುಗಳ ಬುಡ ಮತ್ತು ನಡುಬಳೆಯ ಬುಡದ ಮೂಲೆ. ತುಕ್ಕು ಉಳಿಯುವುದು ಅಲ್ಲೇ. ಬಳೆಯ ಸುತ್ತ ತಾಮ್ರದ ಗ್ರೀಸಿನ ತೆಳು ಲೇಪ ಸಾಕು. ಚಪ್ಪಟೆ ಮುಖಕ್ಕೆ ದಪ್ಪಗೆ ಬಳಿಯಬಾರದು. ಸ್ಟಡ್ಡಿನ ಥ್ರೆಡ್ಡಿಗೆ ಬೇಡವೇ ಬೇಡ, ಜಾರು ಹೆಚ್ಚಾಗಿ ಅದೇ ಟಾರ್ಕಿಗೆ ಸ್ಟಡ್ ಅತಿಯಾಗಿ ಎಳೆಯಲ್ಪಡುತ್ತದೆ.

ಹೊಸ ಡಿಸ್ಕಿನ ಮೇಲಿನ ತುಕ್ಕುನಿರೋಧಕ ಎಣ್ಣೆಯನ್ನು ಬ್ರೇಕ್ ಕ್ಲೀನರಿನಲ್ಲಿ ತೊಳೆದು, ಹೊಸ ಸ್ಕ್ರೂಗಳ ಥ್ರೆಡ್ಡಿಗೂ ಶಂಕುವಿಗೂ ಅದೇ ತಾಮ್ರದ ಗ್ರೀಸು ಸವರಿ ಬಿಗಿಯಬೇಕು, 9.8ಕ್ಕಿಂತ ಹೆಚ್ಚಿಲ್ಲ. ಈ ಸ್ಕ್ರೂಗಳನ್ನು ಬಿಟ್ಟೇ ಬಿಡುವವರಿದ್ದಾರೆ, ಗಾಡಿ ಓಡುತ್ತದೆ. ಆದರೆ ಮುಂದೆ ಯಾವಾಗಲಾದರೂ ಪಂಕ್ಚರ್ ಹಾಕಲು ಚಕ್ರ ಬಿಚ್ಚಿದಾಗ ಡಿಸ್ಕ್ ಸಡಿಲವಾಗಿ ಮುಂದೆ ವಾಲುತ್ತದೆ, ನಡುವಿನ ಸಂದಿಗೆ ತುಕ್ಕಿನ ಪುಡಿ ಉದುರುತ್ತದೆ. ಹಾಕುವುದೇ ವಾಸಿ.

ಕ್ಯಾಲಿಪರಿನ ಪಿಸ್ಟನ್ ಒಳಗೆ ಒತ್ತುವ ಮೊದಲು ಬ್ರೇಕ್ ಆಯಿಲ್ ಡಬ್ಬಿಯಿಂದ ಸಿರಿಂಜಿನಲ್ಲಿ ಸ್ವಲ್ಪ ತೆಗೆದಿಡಬೇಕು, ಇಲ್ಲದಿದ್ದರೆ ಉಕ್ಕಿ ಪೇಂಟ್ ಕಿತ್ತುಹಾಕುತ್ತದೆ. ಬ್ರಾಕೆಟ್ ಬೋಲ್ಟುಗಳಿಗೆ 108, ಕ್ಯಾಲಿಪರ್ ಪಿನ್ನಿನ ಬೋಲ್ಟುಗಳಿಗೆ ಸುಮಾರು 23, ವೀಲ್ ನಟ್ಟುಗಳಿಗೆ ಎದುರುಬದುರು ಕ್ರಮದಲ್ಲಿ 108 ನ್ಯೂಟನ್ ಮೀಟರ್. ಬೇರೆ ಮಾಡೆಲ್ ಆದರೆ ಅದರ ಮ್ಯಾನುಯಲ್ ನೋಡಿ. ಗಾಡಿ ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತುತ್ತಿರಬೇಕು. ಮೊದಲ ಒತ್ತಿಗೆ ಅದು ನೆಲ ಮುಟ್ಟುತ್ತದೆ, ಆಗ ಗಾಡಿ ಇಳಿಜಾರಿನಲ್ಲಿದ್ದರೆ ಗತಿಯಿಲ್ಲ. ಖಾಲಿ ರಸ್ತೆಯಲ್ಲಿ 50ರಿಂದ 10ಕ್ಕೆ ಮೆದುವಾಗಿ ಎಂಟು ಹತ್ತು ಸಲ ಇಳಿಸಿದರೆ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳುತ್ತದೆ.

ಬಲಗಡೆಯ ಸ್ಕ್ರೂಗಳಿಗೆ ಮೊದಲೇ ಯಾರೂ ಕೈ ಹಾಕಿರಲಿಲ್ಲ. ತುಕ್ಕು ಎಡಗಡೆಯಷ್ಟೇ ಇತ್ತು, ಆದರೆ ಗೀಟು ಹೊಸದರಂತೆ ಉಳಿದಿದ್ದರಿಂದ ಎರಡೂ ಇಂಪ್ಯಾಕ್ಟ್ ಡ್ರೈವರಿಗೇ ಬಂದವು. ಡ್ರಿಲ್ ಪೆಟ್ಟಿಗೆಯಿಂದ ಹೊರಬರಲಿಲ್ಲ.